ವಯಸ್ಸಾದ ಅಪ್ಪ-ಅಮ್ಮನಿಗೆ ಎಪ್ಕಾಟ್ ಹಿಡಿಸುತ್ತದೆಯೇ?

ಫ್ಲೋರಿಡಾದ ಒರ್ಲ್ಯಾಂಡೊದಲ್ಲಿ ಒಂದೇ ದಿನ ಸಿಗುತ್ತದೆ, ಜೊತೆಗೆ ಎಪ್ಪತ್ತು ದಾಟಿದ ಅಪ್ಪ-ಅಮ್ಮ ಇದ್ದಾರೆ, ಡಿಸ್ನಿಯವರ ಎಪ್ಕಾಟ್ ಎಂಬ ಥೀಮ್ ಪಾರ್ಕಿಗೆ ಹೋಗಬಹುದೇ ಎಂದು ಕೇಳಿದ್ದೀರಿ. ಖಂಡಿತ ಹೋಗಿ. ನಾನು ನನ್ನ ಹೆತ್ತವರನ್ನು ಕರೆದುಕೊಂಡು ಹೋದವನು, ಆ ಅನುಭವದಿಂದಲೇ ಹೇಳುತ್ತಿದ್ದೇನೆ.

ವಾಲ್ಟ್ ಡಿಸ್ನಿ ಇಲ್ಲಿ ಕಟ್ಟಬೇಕೆಂದಿದ್ದದ್ದು ಪಾರ್ಕನ್ನಲ್ಲ, ಇಪ್ಪತ್ತು ಸಾವಿರ ಜನ ವಾಸಿಸುವ ನಾಳಿನ ನಗರವನ್ನು. 1966ರಲ್ಲಿ ಅವರು ತೀರಿಕೊಂಡರು. ಆ ನಗರ ಏಳಲಿಲ್ಲ, ಹೆಸರು ಮಾತ್ರ ಉಳಿದು 1982ರ ಅಕ್ಟೋಬರ್ 1ರಂದು ಈ ಪಾರ್ಕ್ ತೆರೆಯಿತು. ಬಾಗಿಲಲ್ಲೇ ಎದುರಾಗುವ ಬೆಳ್ಳಿಬಣ್ಣದ ದೊಡ್ಡ ಗೋಳದ ಎತ್ತರ 180 ಅಡಿ. ಅದರ ಮೇಲೆ ಬಿದ್ದ ಮಳೆನೀರು ಕೆಳಗೆ ನಿಂತವರ ತಲೆಯ ಮೇಲೆ ಸುರಿಯುವುದಿಲ್ಲ, ಸಂದುಗಳಲ್ಲಿ ಇಳಿದು ಒಳಗಿನ ಕಾಲುವೆಗಳ ಮೂಲಕ ಪಾರ್ಕಿನ ಸರೋವರ ಸೇರುತ್ತದೆ. ಇದನ್ನು ಹೇಳಿದ ಮೇಲೆ ಅಪ್ಪ ಬಹಳ ಹೊತ್ತು ತಲೆಯೆತ್ತಿ ನೋಡುತ್ತಲೇ ನಿಂತಿದ್ದರು.

ಅಪ್ಪ ಬಾಳೆಲ್ಲ ಅಡಿಕೆ ತೋಟದಲ್ಲಿ ದುಡಿದವರು. ನೀವು ಬೇರೇನು ಬಿಟ್ಟರೂ ‘ಲಿವಿಂಗ್ ವಿತ್ ದ ಲ್ಯಾಂಡ್’ ಎಂಬ ದೋಣಿ ಪ್ರಯಾಣವನ್ನು ಬಿಡಬೇಡಿ. ದೋಣಿ ನಿಧಾನವಾಗಿ ನಿಜವಾದ ಹಸಿರುಮನೆಗಳೊಳಗೆ ಸಾಗುತ್ತದೆ. ಮಣ್ಣೇ ಇಲ್ಲದೆ ಗಾಳಿಯಲ್ಲಿ ತೂಗುವ ಗಿಡಗಳು, ಅವುಗಳ ಬೇರಿಗೆ ಪೋಷಕಾಂಶ ಬೆರೆಸಿದ ನೀರಿನ ಸಿಂಚನ. ಇಲ್ಲಿ ಬೆಳೆದ ತರಕಾರಿ ಪಾರ್ಕಿನ ಹೋಟೆಲುಗಳ ಅಡುಗೆಗೂ ಹೋಗುತ್ತದೆ. “ಸದಾ ಒದ್ದೆಯಿದ್ದರೆ ಬೇರು ಕೊಳೆಯುವುದಿಲ್ಲವೇ?” ಎಂದು ಅಪ್ಪ ಕೇಳಿದರು. ನೀರು ನಿಲ್ಲುವುದಿಲ್ಲ, ಬೇರಿಗೆ ಗಾಳಿಯೂ ಸಿಗುತ್ತದೆ ಎಂದೆ. ಸಮಾಧಾನವಾಗಲಿಲ್ಲ, ಇನ್ನೊಮ್ಮೆ ನೋಡಬೇಕೆಂದರು. ಮತ್ತೆ ಸಾಲಿನಲ್ಲಿ ನಿಂತೆವು.

ಸರೋವರದ ಸುತ್ತ ಹನ್ನೊಂದು ದೇಶಗಳ ಮಂಟಪಗಳಿವೆ, ಅಂದರೆ ಆಯಾ ದೇಶದ ಶೈಲಿಯ ಕಟ್ಟಡ, ಅಂಗಡಿಗಳಿರುವ ಆವರಣಗಳು. ಭಾರತದ್ದಿಲ್ಲ. ಅದು ನನಗೆ ಇಂದಿಗೂ ದೊಡ್ಡ ಕೊರತೆಯಾಗಿಯೇ ಕಾಣುತ್ತದೆ. ಮೊರಾಕ್ಕೊ ಮಂಟಪಕ್ಕೆ ಅಲ್ಲಿನ ದೊರೆಯೇ ಕುಶಲಕರ್ಮಿಗಳನ್ನು ಕಳುಹಿಸಿದ್ದರು, ಗೋಡೆಯ ಹೆಂಚಿನ ಚೂರುಗಳ ಚಿತ್ತಾರವನ್ನು ಹತ್ತಿರ ಹೋಗಿ ನೋಡಿ. ಮಂಟಪಗಳಲ್ಲಿ ಕೆಲಸ ಮಾಡುವವರು ಬಹುಪಾಲು ಆಯಾ ದೇಶದವರೇ, ಎದೆಯ ಮೇಲಿನ ಫಲಕದಲ್ಲಿ ಊರಿನ ಹೆಸರೂ ಇರುತ್ತದೆ. ಅಮ್ಮನಿಗೆ ಇಂಗ್ಲಿಷ್ ಅಕ್ಷರ ಓದಲು ಬಾರದು, ಆದ್ದರಿಂದ ಪ್ರತಿಯೊಬ್ಬರ ಊರನ್ನೂ ನನ್ನಿಂದ ಕೇಳಿಸಿದರು. ಜಪಾನಿನ ಅಂಗಡಿಯ ಹುಡುಗಿಯೊಬ್ಬಳು ತನ್ನ ಊರು, ಮನೆ, ತಾಯಿಯ ವಿಷಯವನ್ನೆಲ್ಲ ಹೇಳಿದಳು. ಹೊರಡುವಾಗ ಅಮ್ಮ ಅವಳ ಕೆನ್ನೆ ಸವರಿ ಬಂದರು.

ಈ ಮಂಟಪಗಳು ಸಾಮಾನ್ಯವಾಗಿ ಬೆಳಿಗ್ಗೆ ಹನ್ನೊಂದಕ್ಕೆ ತೆರೆಯುತ್ತವೆ. ಅದಕ್ಕೆ ಮೊದಲು ಗೋಳ ಮತ್ತು ಹಸಿರುಮನೆಯನ್ನು ಮುಗಿಸಿಕೊಳ್ಳಿ. ಸರೋವರದ ಸುತ್ತು ಸುಮಾರು ಎರಡು ಕಿಲೋಮೀಟರ್, ದಾಟಿಸಲು ದೋಣಿಗಳೂ ಇವೆ. ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ. ಅಮ್ಮ ಬೇಡವೆಂದರು, ನಾನೂ ಒತ್ತಾಯಿಸಲಿಲ್ಲ. ಮೊರಾಕ್ಕೊ ತಲುಪುವ ಹೊತ್ತಿಗೆ ಅವರ ಮಂಡಿ ಊದಿತ್ತು. ನೀವು ಬಾಗಿಲಲ್ಲೇ ತೆಗೆದುಕೊಂಡುಬಿಡಿ.