ಹತ್ತು ಸಾವಿರ ಹೆಜ್ಜೆ ನಡೆದರೆ ಪ್ರೀಮಿಯಂ ಕಡಿಮೆ ಆಗುತ್ತಾ?

ಪ್ರಶ್ನೆ: ನನಗೆ 47 ವರ್ಷ, ಊರು ಹಾಸನ. ನಮ್ಮ ಆರೋಗ್ಯ ವಿಮೆಗೆ ವರ್ಷಕ್ಕೆ 24,000 ರೂಪಾಯಿ ಕಟ್ಟುತ್ತೇವೆ. ಬೇರೆ ಕಂಪನಿಗೆ ಬನ್ನಿ, ದಿನಾ 10,000 ಹೆಜ್ಜೆ ನಡೆದರೆ 30% ರಿಯಾಯಿತಿ ಕೊಡ್ತಾರೆ ಅಂತ ಏಜೆಂಟ್ ಹೇಳುತ್ತಿದ್ದಾರೆ. ಪಾಲಿಸಿ ಮಾಡಿಸಿದ ಮೇಲೆ ನನಗೆ ಶುಗರ್ ಬಂದಿದೆ. ವಿಮಾ ಕಂಪನಿಯ ಆ್ಯಪ್‌ಗೆ ರಿಪೋರ್ಟ್ ಹಾಕಿದರೆ ಪ್ರೀಮಿಯಂ ಏರಿಸುತ್ತಾರಾ?

ಉತ್ತರ: ಮೊದಲು ನಿಮ್ಮ ಭಯದ ವಿಷಯಕ್ಕೆ ಬರುತ್ತೇನೆ. ಈಗಿರುವ ಪಾಲಿಸಿಯನ್ನೇ ಮುಂದುವರಿಸಿದರೆ, ನಡುವೆ ಶುಗರ್ ಬಂತು ಅಂತ ನಿಮ್ಮೊಬ್ಬರಿಗೇ ದರ ಏರಿಸುವ ಹಾಗಿಲ್ಲ. ವಿಮಾ ಮೊತ್ತ ಜಾಸ್ತಿ ಮಾಡಿ ಅಂತ ನೀವು ಕೇಳದಿದ್ದರೆ, ರಿನ್ಯೂವಲ್‌ನಲ್ಲಿ ನಿಮ್ಮ ಆರೋಗ್ಯವನ್ನು ಹೊಸದಾಗಿ ಅಳೆಯುವಂತಿಲ್ಲ. ಇದು ವಿಮಾ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ನಿಯಮ. ವಯಸ್ಸಿನ ಲೆಕ್ಕದಲ್ಲಿ ಏರಬಹುದು, ಆ ಪಾಲಿಸಿಯ ಎಲ್ಲರಿಗೂ ಏರಬಹುದು. ಅದು ಬೇರೆ ಮಾತು.

ರಿಯಾಯಿತಿ ಸುಳ್ಳಲ್ಲ. ಆರೋಗ್ಯ ಕಾಪಾಡಿಕೊಂಡವರಿಗೆ ಪ್ರೀಮಿಯಂ ಇಳಿಸಲು, ಔಷಧಿಗೋ ತಪಾಸಣೆಗೋ ಯೋಗ ತರಗತಿಗೋ ಬಳಸುವ ಪಾಯಿಂಟ್ ಕೊಡಲು ನಿಯಮದಲ್ಲೇ ಅವಕಾಶವಿದೆ. ಆದರೆ 30% ಅಂದರೆ ಪೂರ್ತಿ ಗುರಿ ಮುಟ್ಟಿದವರಿಗೆ. ಕೆಲವು ಪಾಲಿಸಿಗಳಲ್ಲಿ ವರ್ಷಕ್ಕೆ 270 ದಿನ 10,000 ಹೆಜ್ಜೆ ಆಗಬೇಕು. ಆಗ ನಿಮಗೆ 7,200 ರೂಪಾಯಿ ಉಳಿಯುತ್ತದೆ. ದಿನ ಕಡಿಮೆಯಾದರೆ ರಿಯಾಯಿತಿಯೂ ಕಡಿಮೆ. ಫ್ಯಾಮಿಲಿ ಫ್ಲೋಟರ್ (ಮನೆಮಂದಿಗೆಲ್ಲ ಸೇರಿ ಒಂದೇ ಪಾಲಿಸಿ) ಆದರೆ ಯಜಮಾನರ ಹೆಜ್ಜೆಯೂ ಲೆಕ್ಕಕ್ಕೆ ಬರುತ್ತಾ ಅಂತ ಕೇಳಿ, ಉತ್ತರವನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ.

ಇನ್ನೊಂದು ವಿಷಯ. ನನ್ನ ಬಳಿ ಬಂದಿದ್ದ ಒಬ್ಬರು ಬೆಳಗ್ಗೆಯಿಂದ ಅಂಗಳ, ಅಡುಗೆಮನೆ, ತಾರಸಿ ಅಂತ ಓಡಾಡುತ್ತಲೇ ಇರುತ್ತಿದ್ದರು. ಸಂಜೆ ಆ್ಯಪ್ ನೋಡಿದರೆ 1,900 ಹೆಜ್ಜೆ! ಫೋನ್ ಇಡೀ ದಿನ ಫ್ರಿಜ್ ಮೇಲೆ ಇರುತ್ತಿತ್ತು. ಸೀರೆಗೆ ಜೇಬೆಲ್ಲಿದೆ, ಅಲ್ವಾ? ಕೈಗೆ ಬ್ಯಾಂಡ್ ಕಟ್ಟಿಕೊಂಡ ಮೇಲೆ ಅವರ ಮನೆಗೆಲಸವೂ ಲೆಕ್ಕಕ್ಕೆ ಸಿಕ್ಕಿತು.

10,000 ಅನ್ನುವ ಸಂಖ್ಯೆಗೆ ಹೆದರಬೇಡಿ. ಅದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಹರಡಿದ್ದು. ಊಟವಾದ ಮೇಲೆ ಹದಿನೈದು ನಿಮಿಷ ನಡೆದರೂ ಶುಗರ್ ಏರುವುದು ತಗ್ಗುತ್ತದೆ. ರಿಯಾಯಿತಿ ಸಿಗಲಿ ಬಿಡಲಿ, ಅದನ್ನು ಇವತ್ತೇ ಶುರು ಮಾಡಿ.

ಕಂಪನಿ ಮಾತ್ರ ಆತುರದಲ್ಲಿ ಬದಲಿಸಬೇಡಿ. ಹೊಸಬರು ನಿಮ್ಮ ಶುಗರ್ ನೋಡಿ ದರ ಏರಿಸಬಹುದು, ಬೇಡ ಅಂತಲೂ ಅನ್ನಬಹುದು. ಹಾಗಂತ ಮುಚ್ಚಿಟ್ಟರೆ ಕ್ಲೇಮ್ ಸಮಯದಲ್ಲಿ ತೊಂದರೆ. ನಿಮ್ಮ ಈಗಿನ ಪಾಲಿಸಿಯಲ್ಲೇ ಇಂಥ ಸೌಲಭ್ಯ ಇರಬಹುದು. ಮೊದಲು ಅವರ ಸಹಾಯವಾಣಿಗೆ ಫೋನ್ ಮಾಡಿ ಕೇಳಿ.