‘ಎನ್ನುತ್ತಾರೆ’ ಅಂದರೆ ಯಾರು?

ನಮಸ್ಕಾರ.

ಕುಂಡಿಗೆ ಇಂಗ್ಲಿಷಿನಲ್ಲಿ ಹೇಳುವ ‘ಬಮ್’ ಪದದ ಹುಟ್ಟಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಹೊಸದು, ಬರವಣಿಗೆ ಸರಾಗ. ಆದರೆ ಎರಡನೇ ಪ್ಯಾರಾಕ್ಕೇ ನನಗೆ ಸಿಟ್ಟು ಬಂತು.

‘ಬಮ್ ಎಂಬುದು ಬಾಟಮ್‌ನ ಮೊಟಕು ರೂಪ ಎನ್ನುತ್ತಾರೆ.’ ಯಾರು? ಲ್ಯಾಟಿನ್ ಲೋಕಚರಿತ್ರೆ ‘ಪಾಲಿಕ್ರಾನಿಕಾನ್’ಅನ್ನು ಜಾನ್ ಟ್ರೆವಿಸಾ ಇಂಗ್ಲಿಷಿಗೆ ತಂದು 1387ರಲ್ಲಿ ಮುಗಿಸಿದ ಅನುವಾದದಲ್ಲೇ ಈ ಪದ ‘ಬೊಮ್’ ಎಂದು ಸಿಗುತ್ತದೆ. ಬಾಟಮ್ ಆಗ ಬರೀ ತಳ. ಅದಕ್ಕೆ ಕುಂಡಿ ಎಂಬ ಅರ್ಥ ಅಂಟಿದ್ದು 18ನೇ ಶತಮಾನದ ಕೊನೆಯ ಹೊತ್ತಿಗೆ. ಮಗ ಅಪ್ಪನಿಗಿಂತ ನಾನೂರು ವರ್ಷ ಮೊದಲೇ ಹುಟ್ಟುತ್ತಾನೆಯೇ?

ಮುಂದಿನ ಸಾಲು: ‘ಶೇಕ್ಸ್‌ಪಿಯರ್ ತನ್ನ ನೇಕಾರನಿಗೆ ಬಾಟಮ್ ಎಂದು ಹೆಸರಿಟ್ಟದ್ದೇ ಸಾಕ್ಷಿ.’ ಅಲ್ಲ. ನೂಲು ಸುತ್ತುವ ದಿಂಡಿಗೆ ಆಗ ಬಾಟಮ್ ಎನ್ನುತ್ತಿದ್ದರು. ಅದು ಕಸುಬಿನ ಹೆಸರು. ಅದೇ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ತುಂಟ ಯಕ್ಷ ಪಕ್ ಮೂರು ಕಾಲಿನ ಮಣೆಯ ವೇಷ ಹಾಕಿ, ಮುದುಕಿಯೊಬ್ಬಳ ‘ಬಮ್’ ಅಡಿಯಿಂದ ಜಾರಿ ಅವಳನ್ನು ಬೀಳಿಸಿದ ಕಥೆ ಹೇಳುತ್ತಾನೆ. ಶೇಕ್ಸ್‌ಪಿಯರ್ ‘ಬಮ್’ ಬಳಸಿದ್ದಕ್ಕೆ ಸಾಕ್ಷಿ ಬೇಕಿದ್ದರೆ ಅದು. ನಾಟಕ ಓದಿದ್ದರೆ ಕಣ್ಣಿಗೆ ಬೀಳುತ್ತಿತ್ತು.

‘ಸೋಮಾರಿ ಕೂತೇ ಇರುತ್ತಾನೆ, ಆದ್ದರಿಂದ ಅವನೂ ಬಮ್.’ ಇದೂ ಕಟ್ಟುಕಥೆ. ಆ ಬಮ್ ಅಮೆರಿಕದ್ದು. ಸುಮ್ಮನೆ ಅಲೆಯುವವನಿಗೆ ಜರ್ಮನ್ ಭಾಷೆಯಲ್ಲಿ ‘ಬುಮ್ಲರ್’. ಅದರಿಂದ ‘ಬಮ್ಮರ್’, ಅದರಿಂದ ಬಮ್. ಅಮೆರಿಕದ ಅಂತರ್ಯುದ್ಧದಲ್ಲಿ, 1864ರಲ್ಲಿ, ಜಾರ್ಜಿಯಾದ ಹೊಲಮನೆಗಳಿಂದ ದವಸ ಹೊತ್ತೊಯ್ದ ಜನರಲ್ ಶರ್ಮನ್‌ನ ಸೈನಿಕರಿಗೂ ಬಮ್ಮರ್ ಎಂದೇ ಹೆಸರು. ಉಚ್ಚಾರ ಒಂದೇ ಆದ ಮಾತ್ರಕ್ಕೆ ನೆಂಟಸ್ತಿಕೆ ಕಟ್ಟಬೇಡಿ.

ನಾನು ಪತ್ರಿಕೆಯೊಂದರ ಡೆಸ್ಕಿಗೆ ಸೇರಿದ ಹೊಸತರಲ್ಲಿ ಹಿರಿಯ ಉಪಸಂಪಾದಕರೊಬ್ಬರು ‘ಎನ್ನುತ್ತಾರೆ’, ‘ಪ್ರತೀತಿ ಇದೆ’ ಕಂಡಲ್ಲೆಲ್ಲ ಕೆಂಪು ಗೆರೆ ಎಳೆದು ಪುಟವನ್ನು ವಾಪಸ್ ಕೊಡುತ್ತಿದ್ದರು. ಬೈಯುತ್ತಿರಲಿಲ್ಲ. ಲೈಬ್ರರಿಗೆ ಹೋಗಿ ನಿಘಂಟಿನ ಸಂಪುಟ ತೆಗೆದು, ಮೊದಲ ಬಳಕೆಯ ಇಸವಿ ಬರೆದುಕೊಂಡು ಬರಬೇಕಿತ್ತು. ಮಧ್ಯಾಹ್ನದ ಊಟ ಎಷ್ಟೋ ಸಲ ತಪ್ಪುತ್ತಿತ್ತು. ಇಂದಿಗೂ ಪದದ ಕಥೆ ಎಷ್ಟು ಚೆನ್ನಾಗಿದ್ದರೂ ನಾನು ಮೊದಲು ಹುಡುಕುವುದು ಇಸವಿಯನ್ನೇ.

ಇನ್ನೊಂದು. ಇಡೀ ಲೇಖನದಲ್ಲಿ ‘ಆ ಭಾಗ’, ‘ಹೇಳಲಾಗದ ಅಂಗ’ ಎಂದೇ ಬರೆದಿದ್ದೀರಿ. ಕುಂಡಿ ಎನ್ನಿ. ಮಕ್ಕಳಿಗೆ ತೊಳೆಸುವ ತಾಯಂದಿರೆಲ್ಲ ಆಡುವ ಮಾತು ಅದು. ಪದದ ಬಗ್ಗೆ ಬರೆಯುವವರು ಪದಕ್ಕೆ ನಾಚಿದರೆ ಹೇಗೆ?

ಬಮ್ ಎಲ್ಲಿಂದ ಬಂತೆಂಬುದು ನಿಘಂಟುಕಾರರಿಗೂ ಖಚಿತವಿಲ್ಲ. ಅದನ್ನು ಹಾಗೆಯೇ ಬರೆಯಿರಿ. ಎರಡನೇ ಪ್ಯಾರಾ ಪೂರ್ತಿ ತೆಗೆದು, ಟ್ರೆವಿಸಾನಿಂದ ಶುರುಮಾಡಿ ಮತ್ತೆ ಕಳಿಸಿ. ಓದುತ್ತೇನೆ.