ಭ್ರೂಣದಲ್ಲಿ ಹೃದಯ ಮತ್ತು ರಕ್ತನಾಳಗಳು ಹೇಗೆ ರೂಪುಗೊಳ್ಳುತ್ತವೆ?

ರಕ್ತನಾಳಗಳು ಹೃದಯದಿಂದ ಕವಲೊಡೆದು ಬೆಳೆಯುತ್ತವೆ ಎಂದು ಅನೇಕರು ತಿಳಿದಿದ್ದಾರೆ, ಹಾಗಲ್ಲ. ಫಲೀಕರಣದ ನಂತರದ ಮೂರನೇ ವಾರದಲ್ಲಿ ನಡುಪದರದ (ಭ್ರೂಣದ ಮೂರು ಪದರಗಳಲ್ಲಿ ನಡುವಿನದರ) ಜೀವಕೋಶಗಳು ಅಲ್ಲಲ್ಲಿ ಗುಂಪುಗೂಡಿ, ಪುಟ್ಟ ಕೊಳವೆಗಳಾಗಿ, ಒಂದಕ್ಕೊಂದು ಕೂಡಿಕೊಂಡು ಜಾಲವಾಗುತ್ತವೆ. ಆ ಜಾಲದಿಂದಲೇ ಆಮೇಲೆ ಹೊಸ ಕವಲುಗಳು ಚಿಗುರುತ್ತವೆ.

ಹೃದಯವೂ ಮೊದಲಿಗೆ ಎರಡು ತೆಳು ಕೊಳವೆಗಳೇ. ಅವು ಬೆಸೆದು ಒಂದಾಗಿ, ಸುಮಾರು 22ನೇ ದಿನ ಮಿಡಿಯತೊಡಗುತ್ತವೆ. ನನಗೆ ಅತ್ಯಂತ ಬೆರಗು ಹುಟ್ಟಿಸುವುದು ಮುಂದಿನ ಹಂತ: ಎರಡೂ ತುದಿಗಳು ಬಿಗಿದುಕೊಂಡಿರುವಾಗಲೇ ಕೊಳವೆ ಉದ್ದವಾಗುತ್ತಾ ಹೋಗಿ, ಬಲಕ್ಕೆ ಬಾಗಿ ಕುಣಿಕೆಯಂತೆ ಮಡಚಿಕೊಳ್ಳುತ್ತದೆ. ಕೆಳಗಿದ್ದ ಹೃತ್ಕರ್ಣದ (ರಕ್ತ ಬಂದು ಸೇರುವ ಮೇಲಿನ ಕೋಣೆಯ) ಭಾಗ ಹಿಂದಕ್ಕೂ ಮೇಲಕ್ಕೂ ಸರಿಯುತ್ತದೆ. ಎಂಟನೇ ವಾರದ ಹೊತ್ತಿಗೆ ಗೋಡೆಗಳೆದ್ದು ನಾಲ್ಕು ಕೋಣೆಗಳಾಗುತ್ತವೆ. ಹೃತ್ಕರ್ಣಗಳ ನಡುವೆ ಒಂದು ಕಂಡಿ ಮಾತ್ರ ಉಳಿಯುತ್ತದೆ. ಶ್ವಾಸಕೋಶ ಇನ್ನೂ ಉಸಿರಾಡದ ಕಾರಣ ಸಾಕಷ್ಟು ರಕ್ತಕ್ಕೆ ಅದನ್ನು ಬಿಟ್ಟು ಸಾಗಲು ಇದೊಂದು ಅಡ್ಡದಾರಿ. ಮಗು ಹುಟ್ಟಿ ಉಸಿರೆಳೆದಾಗ ಆ ಕಂಡಿಯ ಪರದೆ ಮುಚ್ಚಿಕೊಳ್ಳುತ್ತದೆ.